ಬಿಳಿ ಸೇವಂತಿಗೆಯ ಕಾರು

ಹಿಂದಿನ ಬಸ್ಸು ಹಾರ್ನ್ ಹೊಡೆಯಲಿಲ್ಲ. ಸಂಗನಬಸಪ್ಪನಿಗೆ ಮೊದಲ ಗೊಂದಲ ಅದೇ. ಇಂಗ್ಲೆಂಡಿನ ಡರ್ಬಿಯ ರಸ್ತೆಗಳಲ್ಲಿ ಅವನ ಐವತ್ತು ವರ್ಷ ಹಳೆಯ, ಉದ್ದನೆಯ ಕಪ್ಪು ಸ್ಟೇಷನ್ ವ್ಯಾಗನ್ ಕಾರಿಗೆ ಹಾರ್ನ್ ಹೊಡೆಯದವರೇ ಕಡಿಮೆ. ಆಫೀಸಿಗೂ ಅದೇ, ಅಕ್ಕಿಮೂಟೆ ತರಲಿಕ್ಕೂ ಅದೇ. ಅವಸರವೆಂಬುದು ಮಾತ್ರ ಅದರ ಜಾತಕದಲ್ಲೇ ಇಲ್ಲ. ಇವತ್ತು ಆಸ್ಪತ್ರೆಯಿಂದ ಹೊರಟಾಗಿನಿಂದ ಬಸ್ಸು, ಲಾರಿಗಳೆಲ್ಲ ಬಾಲ ಮುದುರಿಕೊಂಡು ಹಿಂದೆ ಬರುತ್ತಿದ್ದವು.

ಹಿಂದಿನ ಸೀಟಿನಲ್ಲಿ ಹೆಂಡತಿ ಶಿವಗಂಗಾ. ಪಕ್ಕದಲ್ಲಿ, ಹೊಸದಾಗಿ ಹಾಕಿಸಿದ ಬೆಲ್ಟು ಬಿಗಿದ ಮಗುವಿನ ಸೀಟಿನೊಳಗೆ, ಮೂರು ದಿನದ ಮಗಳು. ಗಾಡಿ ದಾರಿಯಲ್ಲಿ ಒಮ್ಮೆ ಕೆಟ್ಟು ನಿಂತರೂ ಅದನ್ನು ಮಾರಿಬಿಡಬೇಕೆಂಬುದು ಶಿವಗಂಗಾಳ ಶರತ್ತು. ಅವಳ ಮನಸ್ಸು ಗೆಲ್ಲಲೆಂದೇ ಅವನು ಬೆಳಿಗ್ಗೆ ಕಾರಿಗೆಲ್ಲ ಬಿಳಿ ಸೇವಂತಿಗೆ ಕಟ್ಟಿದ್ದ. ಮಗುವಿಗಿನ್ನೂ ಹೆಸರಿಟ್ಟಿರಲಿಲ್ಲ, ಹಾಗಾಗಿ ‘ಬೇಬಿ’ ಎಂದು ದಪ್ಪ ಇಂಗ್ಲಿಷ್ ಅಕ್ಷರಗಳನ್ನು ಹೂವಿನಲ್ಲೇ ಮಾಡಿಸಿ ಹಿಂದಿನ ಗಾಜಿನೊಳಗೆ ನಿಲ್ಲಿಸಿದ್ದ. ಹೂವಿನಂಗಡಿಯವಳು ಅದನ್ನು ಕೊಡುವಾಗ ಯಾಕೋ ಕಣ್ಣೊರೆಸಿಕೊಂಡಿದ್ದಳು.

ಕೂಡುರಸ್ತೆಯಲ್ಲಿ ಒಬ್ಬ ಮುದುಕ ಟೋಪಿ ತೆಗೆದು ತಲೆ ತಗ್ಗಿಸಿದ.

“ಏನ್ರೀ ಇದು? ಮಂದಿ ಯಾಕ ಹಿಂಗ ಮಾಡಾಕತ್ತಾರ?” ಎಂದಳು ಶಿವಗಂಗಾ.

“ಹಳೇ ಗಾಡಿಗೆ ಇವ್ರು ಭಾಳ ಮರ್ಯಾದಿ ಕೊಡ್ತಾರ. ಅದ್ರಾಗ ಇವತ್ತ ನನ್ನ ಮಗಳು ಕುಂತಾಳ!” ಎಂದನೇನೋ ನಿಜ, ಅವನಿಗೇ ಆ ಮಾತಿನ ಮೇಲೆ ನಂಬಿಕೆ ಹುಟ್ಟಲಿಲ್ಲ.

ತಮ್ಮ ಓಣಿಗೆ ತಿರುಗಿದರೆ ಹಾಡಹಗಲೇ ಎಲ್ಲ ಮನೆಗಳ ಪರದೆಗಳು ಮುಚ್ಚಿದ್ದವು. ಪಕ್ಕದ ಮನೆಯ ಮುದುಕಿ ಡೊರೀನ್, ನಾಲ್ಕು ವರ್ಷಗಳಲ್ಲಿ ‘ಮಾರ್ನಿಂಗ್’ ಎಂಬುದನ್ನು ಬಿಟ್ಟು ಇನ್ನೊಂದು ಮಾತಾಡದವಳು, ಕಪ್ಪು ಕೋಟು ತೊಟ್ಟು ಗೇಟಿನಲ್ಲಿ ನಿಂತಿದ್ದಳು. ಅವನು ಇಳಿದದ್ದೇ ತಡ, ಬಂದು ಎರಡೂ ಕೈ ಹಿಡಿದುಕೊಂಡಳು.

“ಬೆಳಿಗ್ಗೆ ನೀವು ಹೂ ಕಟ್ಟೋದು ನೋಡಿದೆ. ಎಲ್ಲರಿಗೂ ನಾನೇ ಹೇಳಿದೆ. ಅಷ್ಟು ಪುಟ್ಟ ಜೀವ... ದೇವರು ಹೀಗೆ ಮಾಡಬಾರದಿತ್ತು.”

“ಏನು ಮಾಡಿದ?” ಎಂದು ಸಂಗನಬಸಪ್ಪ ಕಣ್ಣು ಕಣ್ಣು ಬಿಟ್ಟ. ಅಷ್ಟರಲ್ಲಿ ಕಾರಿನೊಳಗೆ ಮಗು ಕಿಟಾರನೆ ಕಿರುಚಿಕೊಂಡಿತು.

ಡೊರೀನ್ ಗೇಟು ಹಿಡಿದುಕೊಂಡಳು. ಇಲ್ಲಿ ಹೆಣ ಸಾಗಿಸುವುದು ಇಂಥದ್ದೇ ಉದ್ದನೆಯ ಕಪ್ಪು ಕಾರಿನಲ್ಲಿ, ಇಂಥವೇ ಹೂವಿನ ಅಕ್ಷರಗಳನ್ನಿಟ್ಟು, ಸತ್ತವರ ಗೌರವಕ್ಕೆ ಓಣಿಯವರು ಪರದೆ ಮುಚ್ಚುತ್ತಾರೆ ಎಂದು ಅವಳು ತೊದಲಿದಾಗ ಸಂಗನಬಸಪ್ಪ ತಿರುಗಿ ಹಿಂದಿನ ಗಾಜಿನೊಳಗಿನ ‘ಬೇಬಿ’ಯನ್ನು ನೋಡಿದ. ಅವನ ಊರಲ್ಲಿ ತೀರಿಹೋದವರನ್ನು ಹೂವಿನ ಮಂಟಪದಲ್ಲಿ ಕೂರಿಸಿ, ಭಜನೆಯೊಂದಿಗೆ ಒಯ್ಯುತ್ತಾರೆ. ಇಲ್ಲಿ ಯಾರ ಮಣ್ಣಿಗೂ ಅವನು ಹೋದವನಲ್ಲ. ಕಾರಿನಲ್ಲಿ ಉದ್ದಕ್ಕೆ ಮಲಗಿಸಿ ಒಯ್ಯುವುದು ಅವನಿಗೆ ಹೊಳೆಯುವುದಾದರೂ ಹೇಗೆ?

ಶಿವಗಂಗಾ ಮಗುವನ್ನೆತ್ತಿಕೊಂಡು ಇಳಿದಳು. ಡೊರೀನ್ ಅದನ್ನು ಬಾಚಿ ಎದೆಗೊತ್ತಿಕೊಂಡಳು. ಒಂದೊಂದಾಗಿ ಪರದೆಗಳು ಸರಿದವು, ಬಾಗಿಲುಗಳು ತೆರೆದವು. ಅಳುತ್ತ ನಗುತ್ತ ಓಣಿಗೆ ಓಣಿಯೇ ಮಗುವಿನ ಸುತ್ತ ನೆರೆಯಿತು. ನಗಬೇಕೋ ಅಳಬೇಕೋ ತಿಳಿಯದೆ ಸಂಗನಬಸಪ್ಪ ಕೀಲಿಕೈ ಹಿಡಿದು ನಿಂತ.

“ನಾಳೇನ ಮಾರಿಬಿಡ್ತೀನಿ,” ಎಂದ ಮೆಲ್ಲಗೆ.

ಶಿವಗಂಗಾ ‘ಬೇಬಿ’ಯಿಂದ ಒಂದು ಸೇವಂತಿಗೆ ಕಿತ್ತು ಮುಡಿಗೆ ಸಿಕ್ಕಿಸಿಕೊಂಡಳು.

“ಇರ್ಲಿ ಬಿಡ್ರಿ. ನಾಕ್ ವರ್ಷ ಬದುಕಿದ್ವಿ, ಒಬ್ರೂ ಬರಲಿಲ್ಲ. ಸತ್ತಾರ ಅಂದಕೂಡ್ಲೆ ಓಣಿ ಪೂರಾ ಬಂತು.”