ಬತ್ತಿ ಆರಿತೋ ಇಲ್ಲವೋ

ಪಟಾಕಿಯ ಹೊಗೆ ಮೂಗಿಗೆ ಬಡಿದರೆ ಈಗಲೂ ನನ್ನ ಕೈಕಾಲು ತಣ್ಣಗಾಗುತ್ತವೆ.

ಹೊಸನಗರದ ಆಚೆ ಹೊಸ ರಸ್ತೆ ಮಾಡುವಾಗ ಬಂಡೆಗೆ ಸಿಡಿಮದ್ದು ಇಡುವುದು ಅಪ್ಪನ ಕೆಲಸವಾಗಿತ್ತು. ಆ ಮಧ್ಯಾಹ್ನ ಅಮ್ಮನೂ ನಾನೂ ಊಟ ಕೊಡಲು ಹೋಗಿದ್ದೆವು. ಅಪ್ಪ ಬತ್ತಿಗೆ ಬೆಂಕಿ ಕೊಟ್ಟು ಓಡಿಬಂದು, ದಿಬ್ಬದ ಮರೆಯಲ್ಲಿ ನಮ್ಮ ಪಕ್ಕ ಕೂತು ಬೀಡಿ ಹಚ್ಚಿದ.

"ಇದು ಮುಗಿಯೋದ್ರೊಳಗೆ ಸಿಡಿಯುತ್ತೆ," ಎಂದ.

ಬೀಡಿ ಮುಗಿಯಿತು. ಬಂಡೆ ಸುಮ್ಮನೆ ಇತ್ತು.

"ಬತ್ತಿ ಆರಿರ್ಬೇಕು, ಹೋಗಿ ನೋಡೋ! ಸಂಜೆಯೊಳಗೆ ಕೆಲ್ಸ ಮುಗೀಬೇಕು," ಎಂದು ಮೇಸ್ತ್ರಿ ಕೂಗಿದ.

ಅಮ್ಮ ಅಪ್ಪನ ಅಂಗಿ ಹಿಡಿದಳು. "ಹತ್ರ ಹೋಗೋಕೆ ಇನ್ನೆಷ್ಟು ಹೊತ್ತು ಕಾಯ್ಬೇಕು?"

"ಗೊತ್ತಿಲ್ಲ ಕಣೇ."

ಅಪ್ಪನ ಬಾಯಲ್ಲಿ ಆ ಮಾತನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಅವನು ಅಂಗಿ ಬಿಡಿಸಿಕೊಂಡು ಎದ್ದ. ನಾನು ಕಿರುಚುತ್ತ ಅವನ ಕಾಲು ತಬ್ಬಿಕೊಂಡೆ. "ಬಿಡು ಮಗಾ," ಎಂದು ಅವನು ಬಗ್ಗುವಷ್ಟರಲ್ಲಿ ನೆಲ ನಡುಗಿತು. ದಿಬ್ಬದಾಚೆ ಕಲ್ಲಿನ ಮಳೆ ಸುರಿಯಿತು.

ಆಮೇಲೆ ಅಪ್ಪ ನನ್ನನ್ನು ಎತ್ತಿಕೊಳ್ಳಲು ನೋಡಿದ, ಆಗಲಿಲ್ಲ. ಅಮ್ಮನೇ ನಮ್ಮಿಬ್ಬರ ಕೈ ಹಿಡಿದು ಮನೆಗೆ ಕರೆತಂದಳು.