ಮರಿ ಕಾಯುವ ಮೀನು

ಗಾಳ ಕೊರವ ಮೀನಿನ ಗಂಟಲೊಳಗೆ ಇಳಿದಿತ್ತು. ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದ ಫಕೀರಪ್ಪ ಅದನ್ನು ಬಿಡಿಸುವಷ್ಟರಲ್ಲಿ ಕಿವಿರಿನಿಂದ ರಕ್ತ ಸುರಿದು ಮೀನು ಸತ್ತಿತು. ಆಗ ಹತ್ತು ವರ್ಷದ ಮಗಳು ರೇಣು ಪವನಾ ಜಲಾಶಯದ ದಂಡೆಯ ನೀರಿನತ್ತ ಕೈ ತೋರಿಸಿದಳು. ಜೀರಿಗೆಗಿಂತ ಸ್ವಲ್ಪ ದೊಡ್ಡದಾದ ನೂರಾರು ಕೆಂಪು ಮರಿಗಳು ಒಂದೇ ಕಡೆ ಮಿಸುಕಾಡುತ್ತಿದ್ದವು.

ಬೇಸಿಗೆಯಲ್ಲಿ ಕೊರವ, ಮಳೆ ನಿಂತ ಮೇಲೆ ರೋಹು, ಕಟ್ಲಾ. ಇಪ್ಪತ್ತು ವರ್ಷ ಫಕೀರಪ್ಪ ಗಾಳ ಹಾಕುವ ಈ ಕ್ರಮ ತಪ್ಪಿಸಿರಲಿಲ್ಲ. ಮಳೆಗಾಲದಲ್ಲಿ ಕೊರವ ಮರಿ ಕಾಯುತ್ತದೆ, ಹತ್ತಿರ ಬಂದದ್ದನ್ನೆಲ್ಲ ಕಚ್ಚುತ್ತದೆ. ಆಗ ಅದಕ್ಕೆ ಗಾಳ ಹಾಕಬಾರದು. ಆದರೆ ಯುಗಾದಿಯ ವಾರ ಹೆಂಡತಿ ತೀರಿಕೊಂಡಾಗಿನಿಂದ ಅವನಿಗೆ ತಿಂಗಳುಗಳೇ ತಿಳಿಯುತ್ತಿರಲಿಲ್ಲ; ಮಳೆಗಾಲ ಬಂದದ್ದೂ ಲಕ್ಷ್ಯಕ್ಕೆ ಬಂದಿರಲಿಲ್ಲ. ನಾಳೆ ರೇಣುವನ್ನು ಬೈಲಹೊಂಗಲದ ಅಜ್ಜಿಯ ಮನೆಯಲ್ಲಿ ಬಿಟ್ಟುಬರಬೇಕು, ಇನ್ನು ಅವಳು ಬೆಳೆಯುವುದು ಅಲ್ಲೇ; ಅದಕ್ಕೂ ಮೊದಲು ಒಂದು ದಿನ ಅವಳ ಜೊತೆ ಇರೋಣ ಎಂದಷ್ಟೇ ಇಲ್ಲಿಗೆ ಬಂದಿದ್ದ.

“ಇದು ಅವುಗಳ ಅವ್ವ ಏನ್ ಪಪ್ಪಾ?”

“ಇರಬೇಕವ್ವಾ.”

“ಮತ್ತ ಇನ್ನ ಅವನ್ನ ಯಾರು ನೋಡ್ಕೋತಾರ?”

“ಅವುಗಳ ಅಪ್ಪ ಅದ, ಅಲ್ಲೇ ಕೆಳಗ ಇರ್ತದ. ಮರಿ ದೊಡ್ಡವು ಆಗೂತನಕ ಬಿಟ್ಟು ಹೋಗೂದಿಲ್ಲ.”

ಹೇಳಿ ಮುಗಿಸಿದ ಮೇಲೆ ತಾನು ಏನು ಹೇಳಿದೆನೆಂಬುದು ಅವನಿಗೆ ತಿಳಿಯಿತು. ಮಗಳ ಮುಖ ನೋಡಲಾಗದೆ ದಾರ ಸುತ್ತತೊಡಗಿದ.

ರೇಣು ಹತ್ತಿರ ಬಂದು ಅವನ ತೋಳು ಹಿಡಿದಳು.

“ಅದಕ್ಕ ನೈಟ್ ಶಿಫ್ಟ್ ಇರೂದಿಲ್ಲ ಬಿಡು ಪಪ್ಪಾ,” ಎಂದಳು, ಅವನನ್ನು ಸಮಾಧಾನ ಮಾಡುವಂತೆ.