ಎರವಲು ದನಿ

ಮಾತು ಬಾರದ ಮಕ್ಕಳಿಗೆ ತೀರಿಕೊಂಡವರ ದನಿಯನ್ನು ಎರವಲು ಕೊಡುವುದು ಈಗ ಎಲ್ಲ ಊರಲ್ಲೂ ಇದ್ದದ್ದೇ. ವಿರೂಪಾಕ್ಷನ ಆರು ವರ್ಷದ ಮಗಳು ಚಾರ್ವಿಗೆ ಸಿಕ್ಕಿದ್ದು ಅವಳಮ್ಮ ಭಾರ್ಗವಿಯ ದನಿ. ಸತ್ತ ಹೆಂಡತಿಯ ದನಿ ಎರಡು ವರ್ಷದಿಂದ ಅವನನ್ನು ‘ಅಪ್ಪಾ’ ಎಂದು ಕರೆಯುತ್ತ, ಹಾಗಲಕಾಯಿ ಬೇಡವೆಂದು ರಂಪ ಮಾಡುತ್ತಿತ್ತು. ಮಗುವಿಗೆ ಸ್ವಂತ ದನಿ ಬಂದ ದಿನ ಎರವಲಿನದು ಹೊರಟುಹೋಗುತ್ತದೆ, ಮತ್ತೆ ಸಿಗುವುದಿಲ್ಲ.

“ಸ್ವಂತ ದನಿ ಬರಲಿ ಅಂತ ಕೊಟ್ಟ ಪೀಪೀನ ಮನೇಲಿ ಊದಿಸ್ತಿದ್ದೀರಾ?” ಎಂದರು ಕ್ಲಿನಿಕ್ಕಿನಲ್ಲಿ ಮಾತಿನ ಥೆರಪಿಸ್ಟ್ ಜುಬೇದಾ.

“ದಿನಾ ಊದಿಸ್ತೀನಿ ಮೇಡಂ.”

“ಸುಳ್ಳು. ಅಪ್ಪ ಅದನ್ನ ಬೀರು ಮೇಲೆ ಬಚ್ಚಿಟ್ಟಿದ್ದಾನೆ,” ಎಂದಳು ಚಾರ್ವಿ. ಎಂಟು ವರ್ಷದ ಸಂಸಾರದಲ್ಲಿ ಅವನ ಸುಳ್ಳುಗಳನ್ನೆಲ್ಲ ಹಿಡಿದುಹಾಕಿದ್ದ ಅದೇ ದನಿ.

ಜುಬೇದಾ ಬೈಯಲಿಲ್ಲ. “ಶಾಲೇಲಿ ಇವಳನ್ನ ಎಲ್ಲರೂ ‘ಆಂಟಿ’ ಅಂತ ಕರೀತಾರಂತೆ. ನಿಮಗೆ ಗೊತ್ತಾ?”

ಅವನಿಗೆ ಗೊತ್ತಿರಲಿಲ್ಲ. ಚಾರ್ವಿ ತಲೆ ತಗ್ಗಿಸಿ ಚಪ್ಪಲಿ ನೋಡುತ್ತಿದ್ದಳು. ವಿರೂಪಾಕ್ಷ ಜುಬೇದಾರ ಮೇಜಿನ ಮೇಲಿದ್ದ ಇನ್ನೊಂದು ಪೀಪಿಯನ್ನು ತಾನೇ ಎತ್ತಿ ಅವಳ ಕೈಗಿಟ್ಟ.

“ಊದು ಮಗಳೇ.”

“ಊದಿದ್ರೆ ಅಮ್ಮ ಹೋಗ್ತಾಳಲ್ಲಪ್ಪಾ?”

“ಹೂಂ. ನೀನು ಬರ್ತೀಯಲ್ಲ.”

ಅವಳು ಕೆನ್ನೆ ಉಬ್ಬಿಸಿ ಊದಿದಳು. ನಾಲ್ಕನೆಯ ಸಲಕ್ಕೆ ಕೆಮ್ಮು ಬಂತು. ಆಮೇಲೆ ಒಡಕು ಒಡಕಾದ, ಯಾರಂತೆಯೂ ಇಲ್ಲದ ಸಣ್ಣ ದನಿಯೊಂದು ಕೇಳಿತು:

“ಅಪ್ಪಾ, ಕೇಳಿಸ್ತಾ?”

ಎರಡು ವರ್ಷದಿಂದ ಮಗಳ ಮಾತನ್ನು ಕಣ್ಣು ಮುಚ್ಚಿಯೇ ಕೇಳುತ್ತಿದ್ದವನು ಈಗ ಕಣ್ಣು ತೆರೆದ. ಮಾತಾಡಿದ್ದು ಯಾರೆಂದು ತಿಳಿಯಲು ಅವಳ ಮುಖವನ್ನೇ ನೋಡಬೇಕಿತ್ತು.